ಕೋಯ್ ತುಂಬಿಕೊಟ್ಟ ತೋಟಾಗಳು

ಕರಡಿಯ ಜಾಡು ಬಿಡದೆ ಹಿಡಿಯುವ ಪಳಗಿದ ಪ್ಲಾಟ್ ಜಾತಿಯ ನಾಯಿಗೆ ಸಾವಿರದೈನೂರು ಡಾಲರು. ಅದೇ ನಾಯಿಯ ಹೊಟ್ಟೆ ಹರಿದರೆ ಹೊಲಿಯಲು ಪೇಟೆಯ ಪಶುವೈದ್ಯನಿಗೆ ಅರವತ್ತು, ಭಾನುವಾರವಾದರೆ ತೊಂಬತ್ತು. ಹೊಸ ರಿವಾಲ್ವರಿಗೆ ನಾನೂರರ ಮೇಲೆ. ಪೊಲೀಸರೆಲ್ಲ ರಿವಾಲ್ವರು ಬಿಟ್ಟು ಪಿಸ್ತೂಲು ಹಿಡಿಯುತ್ತಿದ್ದ ಕಾಲವಾದ್ದರಿಂದ, ಅವರು ಬಳಸಿ ಬಿಟ್ಟದ್ದು ನೂರ ಎಂಬತ್ತಕ್ಕೇ ಸಿಗುತ್ತಿತ್ತು. ತೋಟಾಗಳ ಡಬ್ಬಿಗೆ ಹದಿನೈದರಿಂದ ಇಪ್ಪತ್ತೈದು. ಕೈಬಂದೂಕು ಕೊಳ್ಳಲು ಶೆರೀಫರ ಕಚೇರಿ ಕೊಡುವ ಚೀಟಿಗೆ ಐದು.

ಡೆಲ್ಫಾ ಈ ಲೆಕ್ಕವನ್ನೆಲ್ಲ ನಾಯಿಗಳಿಗೆ ಗಂಜಿ ಕಲಸುತ್ತ ಮನಸ್ಸಿನಲ್ಲೇ ಹಾಕಿ ಮುಗಿಸಿದ್ದಳು. ದುಡ್ಡಿಗೆ ತೊಂದರೆಯಿರಲಿಲ್ಲ. ಗಂಡ ಗಾರ್ಲೆಂಡ್ ಕಾಗದದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ಅವಳು ಶಾಲಾ ಬಸ್ಸು ಓಡಿಸುತ್ತಿದ್ದಳು. ಲೆಕ್ಕಕ್ಕೆ ಸಿಗದೆ ಉಳಿದದ್ದು ಒಂದೇ: ಅಣ್ಣ ಡಾರ್ಸಿಯ ಮುಖ ಮುರಿಯದೆ, ಅವನ ಕೈಯಿಂದ ಆ ಕೆಲಸ ಬಿಡಿಸುವುದು ಹೇಗೆ?

ಆ ಕೆಲಸವೆಂದರೆ ಒಳಗೆ ಹೋಗುವುದು. ನಾಯಿಗಳು ಅಟ್ಟಿದಾಗ ಕೆಲವು ಕರಡಿ ಮರ ಹತ್ತುತ್ತವೆ. ಅದು ಸುಲಭದ ಬೇಟೆ. ನಾಯಿಗಳನ್ನು ದೂರ ಎಳೆದು ಕಟ್ಟಿ, ಕೆಳಗೆ ನಿಂತು ರೈಫಲ್ಲಿನಿಂದ ಹೊಡೆದರೆ ಮುಗಿಯಿತು. ಆದರೆ ಕೊಬ್ಬಿದ ಹಳೇ ಕರಡಿ ಮರಕ್ಕೆ ಬೆಲೆ ಕೊಡುವುದಿಲ್ಲ. ಲಾರೆಲ್ ಪೊದೆಗಳ ನಡುವೆ ನುಗ್ಗಿ, ಬಂಡೆಗೆ ಬೆನ್ನು ಕೊಟ್ಟು ನೆಲದ ಮೇಲೇ ನಿಲ್ಲುತ್ತದೆ. ಸುತ್ತ ಏಳೆಂಟು ನಾಯಿ, ಮಧ್ಯೆ ಅದು. ರೈಫಲ್ಲು ತಿರುಗಿಸಲೂ ಜಾಗವಿಲ್ಲದ ಆ ಪೊದೆಯೊಳಗೆ ಯಾರಾದರೂ ಒಬ್ಬರು ಕೈಬಂದೂಕು ಹಿಡಿದು ತೆವಳಿ ಹೋಗಬೇಕು, ನಾಯಿಗೆ ತಾಗದ ಹಾಗೆ ಹೊಡೆಯಬೇಕು. ಒಬ್ಬರೇ ಹೋಗಬೇಕು, ಉಳಿದವರ ಬಂದೂಕು ಖಾಲಿ ಇರಬೇಕು. ಸ್ನೋಬರ್ಡ್ ಬೆಟ್ಟಗಳಲ್ಲಿ ಬೇಟೆಯಾಡುವ ಈ ಆರು ಜನರ ತಂಡಕ್ಕೆ ಈ ಕಟ್ಟಳೆ ಹಾಕಿದವನು ಡೆಲ್ಫಾಳ ಅಪ್ಪ ಹರ್ಷೆಲ್. ಹಾಕಿದ ಮೇಲೆ ಮೂವತ್ತು ವರ್ಷ ಒಳಗೆ ಹೋದವನೂ ಅವನೇ.

ಹರ್ಷೆಲ್ ಸಾಯುವ ಮುಂಚೆ ಹಂಚಿಕೆ ಮಾಡಿದ. ನಾಯಿಗಳು ಮಗಳಿಗೆ, ನಲವತ್ನಾಲ್ಕರ ಅಳತೆಯ ಗುಂಡು ಹಿಡಿಯುವ ದೊಡ್ಡ ರಿವಾಲ್ವರು ಮಗನಿಗೆ. ಗನ್ನಿನ ಹಿಂದೆಯೇ ಒಳಗೆ ಹೋಗುವ ಕೆಲಸವೂ ಮಗನ ಪಾಲಿಗೆ ಬಂತು. ಅವನಿಂದ ಆಗುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹರ್ಷೆಲ್ಲನ ಗನ್ನು ತಪ್ಪುವುದಿಲ್ಲ ಎಂಬುದು ಆ ಕಣಿವೆಯಲ್ಲಿ ಹೊಳೆ ಕೆಳಗೆ ಹರಿಯುತ್ತದೆ ಎನ್ನುವಷ್ಟೇ ಖಂಡಿತವಾದ ಮಾತಾಗಿತ್ತು.

ಕಳೆದ ಡಿಸೆಂಬರಿನಲ್ಲಿ ಡಾರ್ಸಿ ಒಳಗೆ ಹೋದ. ಎರಡು ಸದ್ದು ಕೇಳಿತು. ಕರಡಿ ಸತ್ತಿತು. ಹೊರಗೆ ಬರುವಾಗ ಅವನ ತೋಳಲ್ಲಿ ರೂಬಿ ಇದ್ದಳು, ಡೆಲ್ಫಾಳ ನಾಯಿಗಳಲ್ಲೆಲ್ಲ ಮುಂದಾಳು. ಕರಡಿ ಬಾರಿಸಿಬಿಡ್ತು ಎಂದ ಡಾರ್ಸಿ. ಅವನ ಗಡ್ಡದ ಮೇಲೆ ಕಣ್ಣೀರಿತ್ತು. ಎಲ್ಲರೂ ಟೋಪಿ ತೆಗೆದರು.

ಮಣ್ಣು ಮಾಡುವ ಮುಂಚೆ ಡೆಲ್ಫಾ ರೂಬಿಯ ಮೈ ತೊಳೆದಳು. ಎದೆಯ ಪಕ್ಕದ ರೋಮ ಬಿಡಿಸಿದಾಗ ಸಣ್ಣದೊಂದು ದುಂಡನೆಯ ತೂತು ಕಂಡಿತು. ಕರಡಿಯ ಉಗುರು ದುಂಡಗೆ ತೂತು ಮಾಡುವುದಿಲ್ಲ. ಕರಡಿಯೊಳಗಿಂದ ಹಾದುಹೋದ ಗುಂಡು ಆಚೆ ಬದಿಯಲ್ಲಿದ್ದ ನಾಯಿಯೊಳಗೆ ನಿಂತಿತ್ತು. ಅವಳು ಹಳೇ ಕೌದಿ ಸುತ್ತಿ ಸೇಬಿನ ಮರದ ಕೆಳಗೆ ಮಣ್ಣು ಮಾಡಿದಳು. ಗಂಡನಿಗೆ ಬಿಟ್ಟು ಬೇರೆ ಯಾರಿಗೂ ಬಾಯಿ ಬಿಡಲಿಲ್ಲ. ಅಣ್ಣನಿಗೆ ಈ ವಿಷಯ ಗೊತ್ತೋ ಇಲ್ಲವೋ ಅದೂ ಅವಳಿಗೆ ತಿಳಿಯದು. ಹೇಳಿದರೆ ಅವನು ತಂಡ ಬಿಡುತ್ತಾನೆ, ಭಾನುವಾರದ ಊಟಕ್ಕೆ ಬರುವುದನ್ನು ಬಿಡುತ್ತಾನೆ, ಕೊನೆಗೆ ಗೇಟಿನಾಚೆಯೇ ಕೈ ಎತ್ತಿ ಹೋಗುವ ನೆಂಟನಾಗುತ್ತಾನೆ. ಹೇಳದಿದ್ದರೆ ಈ ಅಕ್ಟೋಬರಿನಲ್ಲಿ ಅವನು ಮತ್ತೆ ಒಳಗೆ ಹೋಗುತ್ತಾನೆ. ಅಲ್ಲಿ ರೂಬಿಯ ಮಗಳು ಪೆಪ್ಪರ್ ಇರುತ್ತಾಳೆ.

ಹತ್ತು ತಿಂಗಳು ಈ ಎರಡರ ಮಧ್ಯೆ ಒದ್ದಾಡಿ, ಕೊನೆಗೆ ಅವಳು ಶೆರೀಫರ ಚೀಟಿ ಮಾಡಿಸಿಕೊಂಡು ಅಣ್ಣನ ಮನೆಗೆ ಹೋದಳು. ನನಗೂ ಒಂದು ಕೈಗನ್ನು ಬೇಕು, ನಾಯಿಗಳ ಹಿಂದೆ ಒಬ್ಬಳೇ ಓಡಾಡುತ್ತೇನೆ, ನೀನು ಜೊತೆಗೆ ಬಂದು ಆರಿಸಿಕೊಡು ಎಂದಳು. ಡಾರ್ಸಿ ತಿನ್ನುತ್ತಿದ್ದ ತಟ್ಟೆ ಅಲ್ಲೇ ಬಿಟ್ಟು ಎದ್ದ. ತಂಗಿ ತನ್ನನ್ನು ಸಲಹೆ ಕೇಳಿ ಎಷ್ಟೋ ವರ್ಷಗಳಾಗಿದ್ದವು. ತೋರಿಸಲಿಕ್ಕಿರಲಿ ಎಂದು ಅಪ್ಪನ ನಲವತ್ನಾಲ್ಕನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡ. ಅವಳು ಬೇಡವೆನ್ನಲಿಲ್ಲ.

ಕೋಯ್ ಬರ್ಚ್‌ಫೀಲ್ಡನದು ದನದ ಮೇವು, ಕೋಳಿ ಕಾಳು, ಮೊಳೆ, ಬೇಲಿ ತಂತಿ ಮಾರುವ ಅಂಗಡಿ. ಬಂದೂಕುಗಳು ಹಿಂದಿನ ಕೋಣೆಯಲ್ಲಿರುತ್ತಿದ್ದವು. ಕೋಯ್‌ನದೊಂದು ಪದ್ಧತಿಯಿತ್ತು. ಕೈಬಂದೂಕು ಕೊಳ್ಳಲು ಬಂದವರು ಯಾರೇ ಆಗಲಿ, ಪಾದ್ರಿಯೇ ಆಗಲಿ, ಅಂಗಡಿಯ ಹಿಂದಿನ ಮಣ್ಣುದಿಬ್ಬದ ಎದುರು ನಿಂತು ಒಂದು ಸುತ್ತು ಹೊಡೆದು ತೋರಿಸಿದ ಮೇಲೆಯೇ ಅವನು ದುಡ್ಡು ಮುಟ್ಟುವುದು. ಆ ಸುತ್ತಿನ ಆರು ತೋಟಾಗಳನ್ನು ಅವನೇ ಬೆನ್ನು ತಿರುಗಿಸಿ ತುಂಬಿ ಕೊಡುತ್ತಿದ್ದ. ಆರರಲ್ಲಿ ಎರಡೋ ಮೂರೋ ಆಗಲೇ ಹಾರಿಸಿದ ಖಾಲಿ ತೋಟಾ ಇರುತ್ತಿದ್ದವು. ಯಾವುದು ಎಲ್ಲಿದೆ ಎಂದು ಹೊಡೆಯುವವರಿಗೆ ಗೊತ್ತಾಗುತ್ತಿರಲಿಲ್ಲ. ಖಾಲಿಯ ಮೇಲೆ ಏಟು ಬಿದ್ದಾಗ ಸದ್ದಿಲ್ಲ, ಗನ್ನು ಹಿಂದಕ್ಕೆ ಕೊಡುವ ಒದೆಯೂ ಇಲ್ಲ. ಆಗ ಕೈ ಏನು ಮಾಡುತ್ತದೆ ಎಂಬುದು ಬಯಲಾಗುತ್ತದೆ. ಒದೆಗೆ ಹೆದರಿದ ಕೈ, ಒದೆ ಬರುವ ಮುಂಚೆಯೇ ಗನ್ನಿನ ಮೂತಿಯನ್ನು ಕೆಳಗೆ ಕುಕ್ಕುತ್ತದೆ. ಸಿಡಿಯುವ ತೋಟಾ ಆಗಿದ್ದರೆ ಆ ಕುಕ್ಕು ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು.

ಡಾರ್ಸಿಗೆ ಗನ್ನು ಬಂದದ್ದು ಅಪ್ಪನಿಂದ. ಕೋಯ್‌ನ ದಿಬ್ಬದ ಮುಂದೆ ಅವನು ಯಾವತ್ತೂ ನಿಂತಿರಲಿಲ್ಲ. ಡೆಲ್ಫಾಳ ಲೆಕ್ಕ ಇದ್ದದ್ದು ಅಲ್ಲಿಯೇ. ಅಣ್ಣ ಒಂದು ಸಲ ಅಲ್ಲಿ ನಿಂತು ಹೊಡೆಯಲಿ, ನಾನು ಏನೂ ಹೇಳಬೇಕಾಗಿಲ್ಲ, ಕೈಯೇ ಹೇಳುತ್ತದೆ ಎಂದು ಅವಳು ಅಂದುಕೊಂಡಿದ್ದಳು.

ಕೋಯ್ ಬಟ್ಟೆಯ ಮೇಲೆ ನಾಲ್ಕು ಗನ್ನು ಸಾಲಾಗಿ ಇಟ್ಟ.

"ಗಾರ್ಲೆಂಡನಿಗೆ ಹೊಡೆಯೋಕಾದ್ರೆ ಇಷ್ಟು ದೊಡ್ಡದು ಬೇಡ," ಎಂದ.

"ಗಾರ್ಲೆಂಡನಿಗೆ ನನ್ನ ಒಂದು ನೋಟ ಸಾಕು ಕೋಯ್. ಇದು ಕರಡಿಗೆ."

ಮೊದಲನೆಯದು ಎಂಟಂಗುಲ ನಳಿಗೆಯ ಉದ್ದನೆಯದು. ನೋಡಲು ಚೆಂದ, ಆದರೆ ತೆವಳುವಾಗ ಪ್ರತಿ ಕೊಂಬೆಗೂ ಸಿಕ್ಕಿಕೊಳ್ಳುತ್ತದೆ ಎಂದು ಡೆಲ್ಫಾ ಪಕ್ಕಕ್ಕೆ ಸರಿಸಿದಳು. ಎರಡನೆಯದು ಪೊಲೀಸರು ಈಗ ಹಿಡಿಯುವಂಥ ಪಿಸ್ತೂಲು, ಹದಿನೈದು ತೋಟಾ ಹಿಡಿಯುತ್ತದೆ. ಡಾರ್ಸಿ ಅದನ್ನು ತೂಗಿ ನೋಡಿ, ಕರಡಿ ಮೈಮೇಲೆ ಬಿದ್ದು ಇದರ ಮೂತಿ ಅದರ ರೋಮಕ್ಕೆ ಒತ್ತಿಕೊಂಡರೆ ಇದು ಕಚ್ಚಿಕೊಂಡು ನಿಂತುಬಿಡುತ್ತದೆ ಎಂದ. ಕೋಯ್ ತಲೆಯಾಡಿಸಿದ. ಡಾರ್ಸಿಗೆ ಗನ್ನು ತಿಳಿಯದು ಎಂದು ಯಾರೂ ಹೇಳುವ ಹಾಗಿರಲಿಲ್ಲ. ಮೂರನೆಯದು ನಲವತ್ನಾಲ್ಕರದೇ, ಮೊಂಡು ನಳಿಗೆಯದು, ಹಗುರ. ಹೊತ್ತು ನಡೆಯಲು ಸುಖ, ಹಾರಿಸಿದರೆ ಹೇಸರಗತ್ತೆಯ ಒದೆ ಎಂದ ಕೋಯ್. ನಾಲ್ಕನೆಯದು ಮುನ್ನೂರ ಐವತ್ತೇಳರದು, ಹೆಸರಿನ ಅಂಕಿ ದೊಡ್ಡದಾದರೂ ಗುಂಡು ನಲವತ್ನಾಲ್ಕಕ್ಕಿಂತ ಸಣ್ಣದು. ನಾಲ್ಕಂಗುಲದ ನಳಿಗೆ, ಪೂರಾ ಉಕ್ಕು, ಒರೆಗೆ ಉಜ್ಜಿ ಉಜ್ಜಿ ಬಣ್ಣ ಹೋದದ್ದು. ಯಾವನೋ ಪೊಲೀಸಿನವನು ಇಪ್ಪತ್ತು ವರ್ಷ ಸೊಂಟದಲ್ಲಿ ಹೊತ್ತು, ಬಹುಶಃ ಒಂದು ಸಲವೂ ಕೋಪದಲ್ಲಿ ತೆಗೆಯದೆ, ತಿರುಗಿ ಕೊಟ್ಟದ್ದು.

"ಇದು ಬೇಡ," ಎಂದ ಡಾರ್ಸಿ. "ನಮ್ಮ ಬೆಟ್ಟದ ಕರಡಿಗೆ ತೂಕದ ಗುಂಡು ಬೇಕು. ಅಪ್ಪನ ಥರದ್ದೇ ತಗೋ ಡೆಲ್ಫೀ. ಇವತ್ತು ಅವನದರಲ್ಲೇ ಹೊಡೆದು ನೋಡು."

ಸೊಂಟದಿಂದ ಅಪ್ಪನ ನಲವತ್ನಾಲ್ಕನ್ನು ತೆಗೆದು ಬಿಚ್ಚಿ, ತೋಟಾಗಳನ್ನು ಅಂಗೈಗೆ ಸುರಿದು, ಎರಡನ್ನೂ ಕೋಯ್ ಕೈಗೆ ಕೊಟ್ಟ. ಕೋಯ್ ಆ ತೋಟಾಗಳನ್ನು ನೋಡಿದ. ಒಂದನ್ನೆತ್ತಿ ಉದ್ದ ಅಳೆಯುವ ಹಾಗೆ ಬೆರಳ ನಡುವೆ ಹಿಡಿದು, ಬೆನ್ನು ತಿರುಗಿಸಿ ಗನ್ನು ತುಂಬತೊಡಗಿದ.

ಡೆಲ್ಫಾ ದಿಬ್ಬದೆದುರು ನಿಂತಳು. ಹಾಲಿನ ಡಬ್ಬಿಯ ಮುಚ್ಚಳವೊಂದನ್ನು ಮಣ್ಣಿಗೆ ಚುಚ್ಚಿದ್ದರು. ಮೊದಲನೆಯದು ಸಿಡಿಯಿತು. ಮೊಣಕೈವರೆಗೂ ಜುಮ್ಮೆಂದಿತು. ಮುಚ್ಚಳ ಹಾಗೇ ಇತ್ತು. ಎರಡನೆಯದೂ ಸಿಡಿಯಿತು. ಮೂರನೆಯದಕ್ಕೆ ಟ್ರಿಗರ್ ಎಳೆದಾಗ ಬರೀ ಟಕ್ ಎಂದಿತು. ಗನ್ನಿನ ಮೂತಿ ಅವಳ ಕಾಲ ಬೆರಳು ಹುಡುಕುವ ಹಾಗೆ ಕೆಳಗೆ ಬಿದ್ದಿತು.

ಅವಳು ಅದನ್ನೇ ನೋಡುತ್ತ ನಿಂತಳು. ಇದನ್ನು ನೋಡಬೇಕೆಂದೇ ಬಂದಿದ್ದಳು, ಆದರೆ ಅಣ್ಣನ ಕೈಯಲ್ಲಿ. ತನ್ನ ಕೈಗೂ ಇದೇ ರೋಗವಿದೆ ಎಂದು ಅವಳು ಯೋಚಿಸಿಯೇ ಇರಲಿಲ್ಲ. ಹತ್ತು ತಿಂಗಳು ಒಳಗೊಳಗೆ ಕುದಿಸಿಟ್ಟ ಸಿಟ್ಟು, ಒಲೆಯಿಂದ ಇಳಿಸಿದ ಹಾಲಿನ ಹಾಗೆ ತಳಕ್ಕಿಳಿಯಿತು. ಅಪ್ಪನ ಗನ್ನು ಹಿಡಿದು ಆವತ್ತು ನಾನು ಒಳಗೆ ಹೋಗಿದ್ದರೂ ರೂಬಿ ಉಳಿಯುತ್ತಿರಲಿಲ್ಲ ಎಂದು ಅವಳಿಗೆ ಅನ್ನಿಸಿತು.

"ನನ್ನ ಕೈ ಹೆದರಿಬಿಟ್ಟಿದೆ ಕೋಯ್," ಎಂದಳು.

"ಎಲ್ಲರ ಕೈಯೂ ಹೆದರುತ್ತೆ. ಅದನ್ನ ಬಾಯಿ ಬಿಟ್ಟು ಹೇಳೋರು ಕಡಿಮೆ."

ಆಮೇಲೆ ಆ ಬಣ್ಣ ಹೋದ ಮುನ್ನೂರ ಐವತ್ತೇಳನ್ನು ಹಿಡಿದಳು. ಕೋಯ್ ಗಟ್ಟಿ ಸೀಸದ ಭಾರದ ಗುಂಡುಗಳನ್ನೇ ಹಾಕಿ ಕೊಟ್ಟ. ಮೊದಲ ಸುತ್ತಿನಲ್ಲಿ ಮೂತಿ ಒಂದಿಷ್ಟು ತಗ್ಗಿತು. ಎರಡನೆಯದರಲ್ಲಿ ಅದಕ್ಕಿಂತ ಕಡಿಮೆ. ಮೂರನೆಯ ಸುತ್ತಿಗೆ ಖಾಲಿ ತೋಟಾದ ಮೇಲೆ ಏಟು ಬಿದ್ದಾಗ ಗನ್ನು ಗೋಡೆಯ ಗೂಟದ ಹಾಗೆ ನಿಂತಲ್ಲೇ ನಿಂತಿತ್ತು. ಮುಚ್ಚಳ ಜರಡಿಯಾಗಿತ್ತು. ಕೋಯ್ ಇನ್ನೊಂದು ಕೆಲಸ ಮಾಡಿಸಿದ. ಎಡಗೈಗೆ ನಾಯಿಯ ಹಗ್ಗ ಕೊಟ್ಟು, ತಾನೇ ಅದರ ಇನ್ನೊಂದು ತುದಿ ಹಿಡಿದು ಜಗ್ಗುತ್ತ, ಬಲಗೈಯೊಂದರಲ್ಲೇ ಹೊಡೆಸಿದ. ಪೊದೆಯೊಳಗೆ ಎರಡು ಕೈಯೂ ಬಿಡುವಾಗಿ ಸಿಗುವುದಿಲ್ಲ. ಹಾಗಿದ್ದೂ ಅವಳ ಗುಂಡುಗಳು ಅಂಗೈಯಗಲದಲ್ಲೇ ಬಿದ್ದವು.

"ನಿನಗೆ ಇದೇ," ಎಂದ ಕೋಯ್. "ಭಾರವಿದೆ, ಒದೆಯನ್ನ ಅದೇ ನುಂಗುತ್ತೆ. ಗುಂಡು ಕರಡಿಯೊಳಗೆ ಹೋಗೋದರಲ್ಲಿ ಅನುಮಾನ ಬೇಡ. ಆಚೆ ಬದಿಗೆ ಹೊರಗೆ ಬಂದ್ರೂ ಬಂತು. ಅದಕ್ಕೇ, ಆಚೆ ಏನಿದೆ ಅಂತ ನೋಡದೆ ಎಳೀಬೇಡ."

ಅವನು ಆ ಕೊನೆಯ ಮಾತನ್ನು ಎಲ್ಲರಿಗೂ ಹೇಳುತ್ತಿದ್ದ. ಆದರೂ ಡಾರ್ಸಿ ಬೂಟಿನ ತುದಿಯಿಂದ ಕಲ್ಲೊಂದನ್ನು ಕೀಳತೊಡಗಿದ್ದು ಡೆಲ್ಫಾಳ ಕಣ್ಣಿಗೆ ಬಿತ್ತು. ಸಾಕು, ಇನ್ನು ಮನೆಗೆ ಹೋಗೋಣ ಎಂದು ಅವಳ ಬಾಯಿಗೆ ಬಂದೇಬಿಟ್ಟಿತ್ತು. ಬಂದ ಕೆಲಸ ಮಾಡಿಸುವ ಮನಸ್ಸು ಅವಳಲ್ಲಿ ಉಳಿದಿರಲಿಲ್ಲ. ಅಷ್ಟರಲ್ಲಿ ಡಾರ್ಸಿಯೇ ಕೈ ಚಾಚಿದ.

"ನನಗೂ ತುಂಬಿಕೊಡು. ಅಪ್ಪನದು."

ಕೋಯ್ ತುಂಬಿದ. ಡಾರ್ಸಿ ಗಟ್ಟಿಯಾಗಿ ಕಾಲೂರಿ ನಿಂತ. ಮೊದಲನೆಯದೇ ಖಾಲಿ. ಟಕ್ ಎಂಬ ಸದ್ದಿನ ಜೊತೆಗೆ ಮೂತಿ ಎಷ್ಟು ಜೋರಾಗಿ ಕೆಳಗೆ ಹೋಯಿತೆಂದರೆ ಅವನು ಅರ್ಧ ಹೆಜ್ಜೆ ಮುಂದಕ್ಕೆ ತೂರಾಡಿದ. ಕಣ್ಣು ಎರಡೂ ಮುಚ್ಚಿದ್ದವು. ಮೇವಿನ ಮೂಟೆಯ ಮೇಲೆ ಮಲಗಿದ್ದ ಕೋಯ್‌ನ ಬೆಕ್ಕು ಎದ್ದು ಮೈ ಮುರಿಯಿತು. ಇನ್ನೊಂದು ಸಲ ತುಂಬು ಎಂದ ಡಾರ್ಸಿ. ಅದೂ ಹಾಗೇ ಆಯಿತು. ಮೂರನೆಯ ಸಲವೂ ಹಾಗೇ ಆಯಿತು. ಕೊನೆಗೆ ಅವನು ಗನ್ನನ್ನು ಬಟ್ಟೆಯ ಮೇಲೆ ಇಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಅಪ್ಪನಿಗೆ ಹೀಗೆ ಆಗಿದ್ದನ್ನ ನಾನು ನೋಡಿಲ್ಲ," ಎಂದ.

ಕೋಯ್ ಗಲ್ಲ ಕೆರೆದುಕೊಂಡ. ಆಮೇಲೆ ಒಳಗೆ ಹೋಗಿ ಎರಡು ತೋಟಾ ತಂದು ಪಕ್ಕಪಕ್ಕದಲ್ಲಿ ನಿಲ್ಲಿಸಿದ. ದಪ್ಪ ಒಂದೇ. ಉದ್ದದಲ್ಲಿ ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಗಿಡ್ಡ.

"ಈ ಉದ್ದದ್ದು ನೀನು ಹಾಕ್ತಿರೋದು. ಈ ಗಿಡ್ಡದ್ದು ಹಳೇ ಕಾಲದ್ದು, ಮೆತ್ತಗಿನದು. ಅದೇ ಗನ್ನಿಗೆ ಎರಡೂ ಹಿಡಿಸ್ತವೆ. ನಿಮ್ಮಪ್ಪ ಈ ಮೆತ್ತಗಿನದನ್ನೇ ಒಯ್ತಾ ಇದ್ದಿದ್ದು. ಕೊನೇ ಹದಿನೈದು ವರ್ಷ. ಗನ್ನು ತಂದ ಮೊದಲ ವರ್ಷ ಗಟ್ಟಿಯದು ಹಾಕಿ ನೋಡಿದ, ಮಣಿಕಟ್ಟು ಊದಿತ್ತು. ನನ್ನ ಹತ್ರ ಬಂದು, 'ಕೋಯ್, ಇದು ನನ್ನಿಂದಾಗಲ್ಲ, ಯಾರಿಗೂ ಹೇಳ್ಬೇಡ' ಅಂದ. ಅವನು ಇರೋ ತನಕ ಹೇಳಲಿಲ್ಲ. ಮೆತ್ತಗಿನದು, ಆದರೆ ಅವನು ಹತ್ತಿರ ಹೋಗ್ತಿದ್ದ, ಕಾಯ್ತಿದ್ದ."

ಡಾರ್ಸಿ ಆ ಗಿಡ್ಡ ತೋಟಾವನ್ನು ಬೆರಳ ನಡುವೆ ತಿರುಗಿಸಿದ. ಅಪ್ಪ ತೋಟಾಗಳನ್ನು ಡಬ್ಬಿಯಲ್ಲಿಡುತ್ತಿರಲಿಲ್ಲ, ನಶ್ಯದ ತಗಡಿನ ಭರಣಿಯಲ್ಲಿ ಬಿಡಿಬಿಡಿಯಾಗಿ ಹಾಕಿಕೊಂಡು ಬರುತ್ತಿದ್ದ. ಅವನು ಸತ್ತ ದಿನ ಗನ್ನಿನಲ್ಲಿದ್ದ ಆರನ್ನೂ ಭರಣಿಯಲ್ಲಿದ್ದದ್ದನ್ನೂ ಡಾರ್ಸಿ ಕಣ್ಣೆತ್ತಿ ನೋಡದೆ ಅವನ ಕೋಟಿನ ಜೇಬಿಗೆ ಹಾಕಿ ಶವಪೆಟ್ಟಿಗೆ ಮುಚ್ಚಿಸಿದ್ದ. ಆಮೇಲೆ ಬೇರೆ ಊರಿನ ಅಂಗಡಿಗೆ ಹೋಗಿ, ನಲವತ್ನಾಲ್ಕಕ್ಕೆ ಇರುವುದರಲ್ಲೇ ಗಟ್ಟಿಯಾದದ್ದು ಕೊಡು ಎಂದು ಕೇಳಿ ತಂದಿದ್ದ. ಅಪ್ಪನಿಗಿಂತ ಕಮ್ಮಿಯಾಗಬಾರದಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅಣ್ಣ ತಂಗಿ ಮಳೆಯ ವಿಷಯ, ಓಕ್ ಕಾಯಿ ಈ ವರ್ಷ ಹೇಗೆ ಬಿದ್ದಿದೆ ಎಂಬ ವಿಷಯ ಮಾತಾಡಿದರು. ಕೊಂಡು ತಂದ ಮುನ್ನೂರ ಐವತ್ತೇಳು ಡೆಲ್ಫಾಳ ಮಡಿಲಲ್ಲಿತ್ತು.

ಬೇಟೆ ತೆರೆಯುವ ದಿನ ಬೆಳಿಗ್ಗೆ ಬಕೈ ಹಳ್ಳದ ಸೇತುವೆಯ ಹತ್ತಿರ ಪಿಕಪ್ಪುಗಳು ಸೇರಿದವು. ಎಂಬತ್ತು ದಾಟಿದ ವೆಸ್ಟಲ್ ಮಾಮ, ಡಾರ್ಸಿ, ಡೆಲ್ಫಾ, ಬಾಯಿಗೆ ಬೀಗವಿಲ್ಲದ ಚಿಕ್ಕಪ್ಪನ ಮಗ ಲಾನಿ, ಮಾತೇ ಆಡದ ಪೋಸ್ಟೆಲ್ ಅಣ್ಣತಮ್ಮಂದಿರು. ಗಾರ್ಲೆಂಡ್ ಕಟ್ಟಿಕೊಟ್ಟಿದ್ದ ಸಾಸೇಜು ಇಟ್ಟ, ಬನ್ನಿನಂಥ ಮೆತ್ತನೆಯ ಬಿಸ್ಕತ್ತು ಕೈಯಿಂದ ಕೈಗೆ ಹೋಯಿತು. ಹರ್ಷೆಲ್ ಹೋದ ಮೇಲೆ ತಂಡಕ್ಕೆ ಹಿರಿಯ ವೆಸ್ಟಲ್ ಮಾಮ. ಪ್ರತಿವರ್ಷದ ಹಾಗೆ, ಉತ್ತರ ಗೊತ್ತಿರುವ ಪ್ರಶ್ನೆಯನ್ನು ಅವನು ಕೇಳಿದ: ಒಳಗೆ ಹೋಗುವವರು ಯಾರು?

"ಈ ವರ್ಷ ಡೆಲ್ಫಾ ಹೋಗ್ತಾಳೆ," ಎಂದ ಡಾರ್ಸಿ. "ನನಗೆ ಮೊಣಕಾಲು ಸರಿಯಿಲ್ಲ."

ಹಿಂದಿನ ವಾರವಷ್ಟೇ ಅವನು ಚರ್ಚಿನ ಮಾಡಿಗೆ ಏಣಿ ಹಾಕಿ ಹತ್ತಿ ತಗಡು ಬಡಿದದ್ದನ್ನು ಎಲ್ಲರೂ ನೋಡಿದ್ದರು. ಲಾನಿ ಬಾಯಿ ತೆರೆದ. ವೆಸ್ಟಲ್ ಮಾಮ ಅವನ ಕೈಗೆ ಇನ್ನೊಂದು ಬಿಸ್ಕತ್ತು ಇಟ್ಟ.

ಮುಂದಿನ ಪಿಕಪ್ಪಿನ ಮೂತಿಯ ಮೇಲೆ ಪೆಪ್ಪರ್ ಗಾಳಿ ಮೂಸುತ್ತ ನಿಂತಿದ್ದಳು. ಎರಡನೆಯ ತಿರುವಿನಲ್ಲಿ ಅವಳ ಬೆನ್ನ ಮೇಲಿನ ರೋಮ ನಿಂತಿತು, ಗಂಟಲಿನಿಂದ ದನಿ ಬಂತು. ಗಾಡಿಯ ಗೂಡುಗಳ ಬಾಗಿಲು ತೆರೆದದ್ದೇ ತಡ, ಏಳೂ ನಾಯಿ ಬೆಟ್ಟ ಹತ್ತಿದವು. ಒಂದು ಏಣು ದಾಟಿ, ಇನ್ನೊಂದು ಏಣು ದಾಟಿ, ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಅವುಗಳ ಕೂಗು ಬದಲಾಯಿತು. ಓಡುವಾಗಿನ ಉದ್ದ ಕೂಗು ನಿಂತು, ತುಂಡು ತುಂಡು ಬೊಗಳು ಒಂದೇ ಜಾಗದಿಂದ ಬರತೊಡಗಿತು. ಕರಡಿ ಮರ ಹತ್ತಿರಲಿಲ್ಲ.

ವೆಸ್ಟಲ್ ಮಾಮ ಗಾಡಿಯ ಹತ್ತಿರವೇ ರೇಡಿಯೋ ಹಿಡಿದು ಕೂತಿದ್ದ. ಉಳಿದವರು ಪೊದೆಯ ಅಂಚಿನಲ್ಲಿ ನಿಂತು ಬಂದೂಕು ಬಿಚ್ಚಿ ಖಾಲಿ ಮಾಡಿದರು. ಡೆಲ್ಫಾ ಟೋಪಿ ತಿರುಗಿಸಿ ಹಾಕಿಕೊಂಡು, ಮಂಡಿಯೂರಿ ಒಳಗೆ ನುಗ್ಗಿದಳು. ಅಪ್ಪ ಎಷ್ಟೋ ಸಲ ಹೀಗೆ ಹೋಗುವುದನ್ನು ಅವಳು ಹೊರಗೆ ನಿಂತು ನೋಡಿದ್ದಳು. ಒಳಗೆ ಇಷ್ಟು ಕತ್ತಲಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕೊಂಬೆಗಳು ಹೆಣೆದುಕೊಂಡ ಆ ಗವಿಯಲ್ಲಿ ನಾಯಿಗಳ ಕೂಗು ಎದೆಗೇ ಬಡಿಯುತ್ತಿತ್ತು. ಕೊನೆಯ ಕೊಂಬೆ ಸರಿಸಿದಾಗ ಕರಡಿ ಎದುರಿಗಿತ್ತು, ಅಡುಗೆಮನೆಯ ಒಲೆಯಿಂದ ಬಾಗಿಲಿಗಿರುವಷ್ಟು ದೂರದಲ್ಲಿ. ಬೆನ್ನು ಬಂಡೆಗೆ. ಹಲ್ಲು ಕಟಕಟ ಕಡಿಯುತ್ತಿತ್ತು.

ಅವಳು ಗನ್ನೆತ್ತಿದಳು. ಭುಜದ ಹಿಂದಿನ ಜಾಗ ಸರಿಯಾಗಿ ಸಿಕ್ಕಿತು. ಅದರಾಚೆ, ಕರಡಿ ಮತ್ತು ಬಂಡೆಯ ನಡುವಿನ ಸಂದಿನಲ್ಲಿ, ಪೆಪ್ಪರಳ ಪಟ್ಟೆ ಬಾಲ ಅಲ್ಲಾಡುತ್ತಿತ್ತು.

ಗನ್ನು ಇಳಿಸಿದಳು. ಕರಡಿ ತಿರುಗಿತು. ಮತ್ತೆ ಎತ್ತಿದಳು, ಮತ್ತೆ ಪೆಪ್ಪರ್. ಅಮ್ಮನ ಬುದ್ಧಿಯೇ ಅವಳಿಗೂ ಬಂದಿತ್ತು, ಕರಡಿಯ ಹಿಂದಿನಿಂದಲೇ ಕಚ್ಚಬೇಕು. ಟ್ರಿಗರಿನ ಮೇಲಿದ್ದ ಡೆಲ್ಫಾಳ ಬೆರಳಿಗೆ ಅವಸರವಿರಲಿಲ್ಲ. ಈ ಗನ್ನು ಮುಂದಿನ ಗಳಿಗೆಯಲ್ಲೂ ತನ್ನ ಮಾತು ಕೇಳುತ್ತದೆ ಎಂದು ಆ ಬೆರಳಿಗೆ ಗೊತ್ತಿತ್ತು. ಒದೆಗೆ ಹೆದರಿದ ಕೈ ಬೇಗ ಮುಗಿಸಿಬಿಡಬೇಕೆಂದು ಎಳೆದುಬಿಡುತ್ತದೆ. ಆವತ್ತು ಅಣ್ಣನಿಗೆ ಆದದ್ದು ಅದೇ ಎಂದು ಅವಳಿಗೆ ಈಗ ಸ್ಪಷ್ಟವಾಗಿ ಕಂಡಿತು. ಅವಳು ಕಾದಳು. ಇನ್ನೂ ಕಾದಳು.

ಕರಡಿ ಅವಳಿಗಾಗಿ ಕಾಯಲಿಲ್ಲ. ಒಂದೇ ಏಟಿಗೆ ನಾಯಿಗಳ ನಡುವೆ ದಾರಿ ಮಾಡಿಕೊಂಡು, ಅವಳ ಭುಜಕ್ಕೆ ಗಾಳಿ ಸೋಕುವಷ್ಟು ಹತ್ತಿರದಲ್ಲಿ, ಓಕ್ ಕಾಯಿಯ ಹುಳಿ ವಾಸನೆ ಬಿಟ್ಟು ಇಳಿಜಾರಿಗೆ ನುಗ್ಗಿತು. ಏಳು ನಾಯಿಯೂ ಅದರ ಹಿಂದೆ.

ಕೆಳಗೆ ಹೊಳೆ. ಹೊಳೆಯಾಚೆ ಸರ್ಕಾರಿ ಉದ್ಯಾನ, ಅಲ್ಲಿಗೆ ಬೇಟೆನಾಯಿ ಕಾಲಿಡುವ ಹಾಗಿಲ್ಲ. ಡಾರ್ಸಿ ರೇಡಿಯೋದಲ್ಲಿ ಕೂಗಿ ಹೇಳಿದ. ವೆಸ್ಟಲ್ ಮಾಮ ಗಾಡಿಯನ್ನು ಹೊಳೆ ದಾಟುವ ಜಾಗಕ್ಕೆ ಓಡಿಸಿದ. ಕರಡಿ ನೀರಿಗೆ ಬಿದ್ದು ಈಜಿ ಹೋಗುವುದನ್ನು ಮಾಮ ಕಣ್ಣಾರೆ ನೋಡಿದ. ಹಿಂದೆ ಬಂದ ನಾಯಿಗಳನ್ನು ಒಂದೊಂದಾಗಿ ಕೊರಳಪಟ್ಟಿ ಹಿಡಿದು ಗಾಡಿಯೊಳಗೆ ತಳ್ಳಿದ. ಎಲ್ಲರೂ ಇಳಿದು ಬರುವ ಹೊತ್ತಿಗೆ ಅವನು ತೊಯ್ದು ತೊಪ್ಪೆಯಾಗಿ ಗಾಡಿಯ ಮೆಟ್ಟಿಲ ಮೇಲೆ ಕೂತು ನಾಯಿಗಳನ್ನು ಎಣಿಸುತ್ತಿದ್ದ.

ಲಾನಿಗೆ ಇನ್ನು ತಡೆಯಲಾಗಲಿಲ್ಲ.

"ಅಷ್ಟು ದೂರ ತೆವಳ್ಕೊಂಡು ಹೋಗಿ ಕರಡಿಗೆ ಗುಡ್ ಮಾರ್ನಿಂಗ್ ಹೇಳಿ ಬಂದ್ಯಾ, ಡೆಲ್ಫಾ? ಆರು ತೋಟಾನೂ ಹಾಗೇ ಇವೆ."

ಪೋಸ್ಟೆಲ್ ತಮ್ಮ ನಕ್ಕ. ಡೆಲ್ಫಾ, ಕರಡಿಯ ಏಟಿಗೆ ತುದಿ ಹರಿದಿದ್ದ ಪೆಪ್ಪರಳ ಕಿವಿ ಒರೆಸುತ್ತಿದ್ದಳು.

"ಸುಮ್ನಿರು ಲಾನಿ," ಎಂದ ಡಾರ್ಸಿ. ದನಿ ಎತ್ತಿರಲಿಲ್ಲ, ಆದರೂ ಎಲ್ಲರೂ ತಿರುಗಿದರು. "ಒಳಗೆ ಹೋಗಿದ್ದು ನಾನಾಗಿದ್ರೆ ಹಾರಿಸ್ತಿದ್ದೆ. ಕರಡಿ ಈಗ ಗಾಡೀಲಿ ಇರ್ತಿತ್ತು. ಪೆಪ್ಪರೂ ಅದರ ಪಕ್ಕ ಸತ್ತು ಬಿದ್ದಿರ್ತಿದ್ದಳು." ಟೋಪಿ ತೆಗೆದು ಹೇಳಿದ: "ರೂಬೀನ ಕೊಂದಿದ್ದು ಕರಡಿಯಲ್ಲ. ನಾನು. ನನ್ನ ಮೊಣಕಾಲು ಸರಿಯಾಗೇ ಇದೆ."

ವೆಸ್ಟಲ್ ಮಾಮ ಎಣಿಸುವುದನ್ನು ನಿಲ್ಲಿಸಿದ.

"ಗೊತ್ತಿತ್ತು ಅಣ್ಣ," ಎಂದಳು ಡೆಲ್ಫಾ.

"ಯಾವಾಗಿಂದ?"

"ಮೈ ತೊಳೆದಾಗಿಂದ."

"ಒಂದು ಮಾತೂ ಆಡಲಿಲ್ಲ ನೀನು."

"ನೀನೂ ಆಡಲಿಲ್ಲ."

ಡಾರ್ಸಿ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಪೆಪ್ಪರಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಗಟ್ಟಿಯಾಗಿ ಹಿಡಿದ, ತಂಗಿ ಕಿವಿಗೆ ಪಟ್ಟಿ ಕಟ್ಟಲಿ ಎಂದು. ಲಾನಿ ನೆಲ ನೋಡುತ್ತ ಹೋಗಿ ಉಳಿದ ನಾಯಿಗಳಿಗೆ ನೀರು ಕುಡಿಸಿದ. ವೆಸ್ಟಲ್ ಮಾಮ ಬೂಟಿನಿಂದ ನೀರು ಸುರಿಯುತ್ತ ಕೇಳಿದ.

"ಸರಿ. ಶನಿವಾರ ಒಳಗೆ ಹೋಗೋರು ಯಾರು?"

"ನನ್ನ ತಂಗಿ," ಎಂದ ಡಾರ್ಸಿ.

"ನಿನಗೆ ಒಪ್ಪಿಗೇನಾ ಮಗಳೇ?"

ಡೆಲ್ಫಾ ಹೂಂ ಎಂದಳು. ಅಲ್ಲಿಗೆ ತೀರ್ಮಾನವಾಯಿತು.

ಆ ದಿನ ಕೈತಪ್ಪಿ ಹೋದದ್ದು ಮುನ್ನೂರು ಪೌಂಡಿಗೆ ಕಮ್ಮಿಯಿಲ್ಲದ ಕರಡಿ. ಅದರ ಮಾಂಸ ಆರು ಮನೆಗೆ ಹಂಚಿದ್ದರೆ ಕ್ರಿಸ್‌ಮಸ್ ತನಕ ಬರುತ್ತಿತ್ತು. ಪೆಪ್ಪರಳ ಎಡಗಿವಿಯ ತುದಿಯೂ ಹೋಯಿತು. ಏಳು ನಾಯಿಗಳು ಮನೆಗೆ ಬಂದವು, ಡಾರ್ಸಿ ಭಾನುವಾರ ಊಟಕ್ಕೆ ಬಂದ.